ಬಾಡಿಗೆ ಮನೆ ನೋಡಿಕೊಳ್ಳುವವರಿಗೆ ಜಿಪಿಎ ಕೊಡಬೇಡಿ

ಮೈಸೂರಿನಲ್ಲಿ ಬಾಡಿಗೆ ಕೇಸುಗಳನ್ನು ನಡೆಸುವ ವಕೀಲ ನಾನು. ಈ ತಿಂಗಳೂ ಅದೇ ಪ್ರಶ್ನೆ ಬಂದಿದೆ. ಬೇಸರವಾದರೂ ಮೊದಲು ಅದಕ್ಕೇ ಉತ್ತರ ಕೊಡುತ್ತೇನೆ.

ಪ್ರಶ್ನೆ: ವಿಜಯನಗರ 4ನೇ ಹಂತದಲ್ಲಿ ನಮ್ಮ ಮನೆ ಇದೆ. ನಾವಿರುವುದು ಪುಣೆಯಲ್ಲಿ. ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಒಬ್ಬರು, 'ನಿಮ್ಮ ಮನೇನ ನಾನೇ ಬಾಡಿಗೆಗೆ ತಗೊಳ್ತೀನಿ. ಖಾಲಿ ಇದ್ರೂ ತಿಂಗಳಿಗೆ 18,000 ಹಾಕ್ತೀನಿ. ಒಂದು ಜಿಪಿಎ ಮಾಡಿಕೊಡಿ' ಅನ್ನುತ್ತಾರೆ (ಜಿಪಿಎ ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ನಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ). ಒಪ್ಪಬಹುದೇ?

ಒಪ್ಪಬೇಡಿ. ಖಾಲಿ ಮನೆಗೆ ಯಾರಾದರೂ ಸುಮ್ನೆ ದುಡ್ಡು ಕೊಡುತ್ತಾರಾ?

ನನ್ನ ಹತ್ತಿರ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು ಬೋಗಾದಿಯ ಮನೆಯನ್ನು ಹೀಗೇ ಕೊಟ್ಟಿದ್ದರು. ಎಂಟು ತಿಂಗಳು ತಪ್ಪದೆ 15,000 ಬಂತು. ಒಂಬತ್ತನೇ ತಿಂಗಳು ದುಡ್ಡೂ ಇಲ್ಲ, ಫೋನೂ ಇಲ್ಲ. ಹೋಗಿ ಬಾಗಿಲು ತಟ್ಟಿದರೆ, ಒಳಗಿದ್ದ ಹೆಣ್ಣುಮಗಳು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದ ಪ್ಲಾಸ್ಟಿಕ್ ಕವರ್ ತಂದು ಬಿಚ್ಚಿದರು. ಅದರಲ್ಲಿ ಮೂರು ವರ್ಷದ ಭೋಗ್ಯದ ಪತ್ರ, 9 ಲಕ್ಷ ಕೊಟ್ಟಿದ್ದಕ್ಕೆ ರಸೀದಿ. 'ಬಳೆ ಅಡ ಇಟ್ಟು ಕೊಟ್ಟಿದ್ದೀವಿ ಸಾರ್, ಈಗ ಎಲ್ಲಿಗೆ ಹೋಗೋದು?' ಅಂತ ಅತ್ತರಂತೆ. ಮನೆ ನೋಡಿಕೊಳ್ಳುತ್ತಿದ್ದವನು ಅವರ ಹತ್ತಿರ 9 ಲಕ್ಷ ತಗೊಂಡು, ಅದರಲ್ಲೇ 1,20,000 ಮೇಷ್ಟ್ರಿಗೆ ಬಾಡಿಗೆ ಅಂತ ಕೊಟ್ಟು, ಉಳಿದದ್ದನ್ನು ಎತ್ತಿಕೊಂಡು ಹೋಗಿದ್ದ. ಮೋಸ ಹೋದವರು ಇಬ್ಬರೂ. ಈಗ ಕೋರ್ಟಿನಲ್ಲಿ ಎದುರುಬದುರು ನಿಂತಿರುವವರೂ ಅವರೇ. ಆ ಕೇಸು ಕೂಗಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇಡ ಅಂತ ಬರೆಯದಿದ್ದರೆ ಬಾಡಿಗೆದಾರ ಮನೆಯನ್ನು ಒಳಬಾಡಿಗೆಗೆ ಕೊಡಬಹುದು. ಮನೆ ನೋಡಿಕೊಳ್ಳುವವನನ್ನೇ ಬಾಡಿಗೆದಾರ ಮಾಡಿದರೆ ಆ ಹಕ್ಕನ್ನು ಅವನ ಕೈಗಿಟ್ಟ ಹಾಗೆ. ಮೇಲೆ ಜಿಪಿಎ ಬೇರೆ ಕೊಟ್ಟರೆ, ಅದರಲ್ಲಿ ಬರೆದ ಕೆಲಸಕ್ಕೆಲ್ಲ ಅವನ ಸಹಿ ನಿಮ್ಮ ಸಹಿಯೇ ಆಗುತ್ತದೆ.

ಬಾಡಿಗೆ ಕರಾರು ನಿಮಗೂ ಮನೆಯಲ್ಲಿ ಇರುವವರಿಗೂ ನೇರವಾಗಿ ಆಗಬೇಕು. ಬಾಡಿಗೆ, ಅಡ್ವಾನ್ಸ್ ಎರಡೂ ನಿಮ್ಮ ಬ್ಯಾಂಕ್ ಖಾತೆಗೇ ಬರಬೇಕು. ನೋಡಿಕೊಳ್ಳುವವರಿಗೆ ಅವರ ಫೀಸನ್ನು ನೀವು ಕಳಿಸಿ. ಅವರ ಜೊತೆ ಬೇರೆ ಕರಾರು ಮಾಡಿ: ಎಷ್ಟು ರೂಪಾಯಿವರೆಗಿನ ರಿಪೇರಿ ಕೇಳದೆ ಮಾಡಿಸಬಹುದು, ಖಾಲಿ ಮಾಡುವಾಗ ಮೀಟರ್ ರೀಡಿಂಗ್ ಯಾರು ಬರೆದುಕೊಳ್ಳಬೇಕು, ಎಲ್ಲ ಇರಲಿ. ಭೋಗ್ಯಕ್ಕೆ ಕೊಡುವ, ಅಡ್ವಾನ್ಸ್ ಪಡೆಯುವ ಅಧಿಕಾರ ಇಲ್ಲ ಅಂತ ಸ್ಪಷ್ಟವಾಗಿ ಬರೆಸಿ.

ಇನ್ನು ಆಯ್ಕೆ. ಅವರ ಆಫೀಸು, ವಿಸಿಟಿಂಗ್ ಕಾರ್ಡು ನೋಡಿ ಮರುಳಾಗಬೇಡಿ. ಅವರು ಈಗ ನೋಡಿಕೊಳ್ಳುತ್ತಿರುವ ಒಂದು ಮನೆಗೆ ಹೋಗಿ. ಸೆಸ್ಕ್ ಕರೆಂಟ್ ಬಿಲ್ ಬಾಕಿ ಇದೆಯಾ ನೋಡಿ. ಮೋಟರ್ ಕೆಟ್ಟಾಗ ಎಷ್ಟು ದಿನಕ್ಕೆ ಬಂದರು ಅಂತ ಅಲ್ಲಿರುವವರನ್ನು ಕೇಳಿ. ಬಾಡಿಗೆ ಯಾರ ಖಾತೆಗೆ ಹಾಕ್ತೀರಿ ಅಂತಲೂ ಕೇಳಿ. ಮನೆ ತೋರಿಸಲು ಹಿಂದೇಟು ಹಾಕಿದರೆ ಅಲ್ಲಿಗೇ ಬಿಡಿ. ಒಂದೆರಡು ತಿಂಗಳು ಮನೆ ಖಾಲಿ ಇದ್ದರೂ ಪರವಾಗಿಲ್ಲ.

ಪ್ರಶ್ನೆ: 12 ವರ್ಷ ಇದ್ದರೆ ಮನೆ ಬಾಡಿಗೆದಾರರದ್ದೇ ಆಗುತ್ತದೆ ಅಂತಾರೆ, ನಿಜವೇ?

ಸುಳ್ಳು. ಬಾಡಿಗೆ ಕೊಟ್ಟುಕೊಂಡು ಇರುವವರು ನಿಮ್ಮ ಒಪ್ಪಿಗೆಯಿಂದ ಇರುವವರು. ಅವರಿಗೆ ಆ 12 ವರ್ಷದ ಲೆಕ್ಕ ಅನ್ವಯಿಸುವುದಿಲ್ಲ. ಈ ಭಯ ಹುಟ್ಟಿಸಿ, ಒಳ್ಳೆಯ ಸಂಸಾರಗಳನ್ನು ಖಾಲಿ ಮಾಡಿಸಿ, ಮತ್ತೆ ಕಮಿಷನ್ ಕೀಳುವ ಬ್ರೋಕರ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: 11 ತಿಂಗಳ ಕರಾರು ಮುಗಿದರೂ ಹೋಗುತ್ತಿಲ್ಲ. ಮ್ಯಾನೇಜರ್ ಬೀಗ ಹಾಕುತ್ತೇನೆ ಅನ್ನುತ್ತಿದ್ದಾರೆ.

ಬೇಡವೇ ಬೇಡ. ನೋಟಿಸ್ ಕೊಟ್ಟು ಕೋರ್ಟಿಗೆ ಬನ್ನಿ.

ಪ್ರಶ್ನೆ: ಗೋಕುಲಂನ ಮನೆಯನ್ನು ಯೋಗ ಕಲಿಯಲು ಬರುವ ವಿದೇಶಿಯರಿಗೆ ಕೊಡಬಹುದೇ?

ಕೊಡಬಹುದು. ಅವರು ಬಂದ 24 ಗಂಟೆಯೊಳಗೆ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಅದನ್ನು ಯಾರು ಕೊಡುತ್ತಾರೆ ಅಂತ ನಿಮ್ಮ ಮ್ಯಾನೇಜರ್‌ನ ಈಗಲೇ ಕೇಳಿ. ತಡವರಿಸಿದರೆ ಬೇರೆಯವರನ್ನು ಹುಡುಕಿ.