ಸ್ಪ್ರಿಂಗ್ ಕತ್ತರಿಸುವ ಮುನ್ನ ಬುಷ್ ನೋಡಿ

ಹಳೆಯ ಕಾರುಗಳ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಮುಂದಿನ ಸಸ್ಪೆನ್ಷನ್ನಿನವು, ಎಂದರೆ ಚಕ್ರವನ್ನು ಹಿಡಿದು ಗುಂಡಿಯ ಹೊಡೆತ ತಾಳುವ ಆರ್ಮ್, ಸ್ಪ್ರಿಂಗುಗಳವು. ಅವುಗಳಲ್ಲೂ ಹೆಚ್ಚಿನವು ಒಂದೇ ಧಾಟಿಯವು: ಕತ್ತರಿಸಬಹುದೇ, ಕಾಯಿಸಬಹುದೇ, ಬೇರೆ ಗಾಡಿಯದ್ದು ಸಿಕ್ಕಿಸಬಹುದೇ. ಕೇಳಿದ್ದನ್ನೇ ಕೇಳಿಸಿಕೊಂಡು ಬೇಸರ ಬಂದಿದೆ. ಈ ಸಲ ಒಂದು ಪ್ರಶ್ನೆಯನ್ನು ಬೇರುಸಹಿತ ಬಿಡಿಸುತ್ತೇನೆ, ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತೇನೆ.

ಪ್ರಶ್ನೆ (ಬದಿಯಡ್ಕ): ತಂದೆಯವರ ಕಾಲದ 1978ರ ಪ್ರೀಮಿಯರ್ ಪದ್ಮಿನಿ ನಮ್ಮಲ್ಲಿದೆ. ಕಳೆದ ವರ್ಷ ಮುಂದಿನ ಆರ್ಮ್‌ಗಳಿಗೆ ಹೊಸ ಬುಷ್ (ಕೀಲಿನ ರಬ್ಬರ್ ಕೊಳವೆ) ಹಾಕಿಸಿದೆವು. ಅಲ್ಲಿಂದೀಚೆಗೆ ಗಾಡಿಯ ಮೂತಿ ಮೇಲಕ್ಕೆದ್ದು ನಿಂತಿದೆ, ಗುಂಡಿಗೆ ಇಳಿದರೆ ಕೈಗೆ ಹೊಡೆತ ಬರುತ್ತದೆ. ಸ್ಪ್ರಿಂಗನ್ನು ಒಂದೂವರೆ ಸುತ್ತು ಕತ್ತರಿಸಿದರೆ ಕೆಳಗೆ ಕೂರುತ್ತದೆ ಎಂದು ವೆಲ್ಡಿಂಗ್ ಅಂಗಡಿಯವರು ಹೇಳಿದರು. ಮನೆಯಲ್ಲಿ ಜಾಕ್ ಇದೆ, ಗ್ರೈಂಡರ್ ಇದೆ. ನಾನೇ ಮಾಡಬಹುದೇ?

ಉತ್ತರ: ಬೇಡ. ನಿಮ್ಮ ಪ್ರಶ್ನೆಯ ಎರಡನೆಯ ವಾಕ್ಯದಲ್ಲೇ ಕಾರಣ ಇದೆ. ಬುಷ್ ಹಾಕಿದ ಮೇಲೆ ಮೂತಿ ಎದ್ದಿದೆ ಎಂದಾದರೆ ಸ್ಪ್ರಿಂಗಿನ ತಪ್ಪೇನು? ಅದು ಮೊದಲಿದ್ದ ಸ್ಪ್ರಿಂಗೇ ತಾನೇ?

ಪದ್ಮಿನಿಯ ಮುಂಭಾಗದಲ್ಲಿ ಮೇಲೊಂದು ಕೆಳಗೊಂದು ವಿಶ್‌ಬೋನ್ ಆರ್ಮ್ (ಚಕ್ರವನ್ನು ಬಾಡಿಗೆ ಕೀಲಿಸುವ ಕವಲು ತೋಳು), ಜೊತೆಗೆ ಕಾಯಿಲ್ ಸ್ಪ್ರಿಂಗ್. ಆರ್ಮಿನ ಒಳತುದಿಯಲ್ಲಿರುವ ರಬ್ಬರ್ ಬುಷ್ ಬೇರಿಂಗಿನ ಹಾಗೆ ಸುತ್ತುವುದಿಲ್ಲ. ನಟ್ ಬಿಗಿಯಾದೊಡನೆ ಅದರ ಒಳಗಿನ ಕೊಳವೆ ಅಲುಗದಂತೆ ಹಿಡಿದುಕೊಳ್ಳುತ್ತದೆ, ಆರ್ಮ್ ಮೇಲೆ ಕೆಳಗೆ ಹೋದಷ್ಟೂ ರಬ್ಬರ್ ತಿರುಚಿಕೊಳ್ಳುತ್ತದೆ. ಹಾಗಾಗಿ ಗಾಡಿ ತನ್ನ ಸಹಜ ಎತ್ತರದಲ್ಲಿ ನಿಂತಿರುವಾಗ ರಬ್ಬರಿನಲ್ಲಿ ತಿರುಚು ಇರಬಾರದು. ನಿಮ್ಮ ಮೆಕ್ಯಾನಿಕ್ ಗಾಡಿಯನ್ನು ಜಾಕಿನಲ್ಲಿ ಎತ್ತಿ, ಚಕ್ರ ಜೋತುಬಿದ್ದಿರುವಾಗಲೇ ನಟ್‌ಗಳನ್ನು ಕೊನೆಯವರೆಗೆ ಬಿಗಿದಿರಬೇಕು. ಕೆಳಗಿಳಿಸಿದಾಗ ಹೊಸ ರಬ್ಬರ್ ಪೂರ್ತಿ ತಿರುಚಿಕೊಂಡು ಆರ್ಮನ್ನು ಮತ್ತೆ ಕೆಳಕ್ಕೆ ತಳ್ಳುತ್ತದೆ, ಮೂತಿ ಏಳುತ್ತದೆ, ಹೊಡೆತ ಗಡುಸಾಗುತ್ತದೆ. ಹೀಗೆಯೇ ಓಡಿಸಿದರೆ ಆ ಬುಷ್ ಬಹಳ ದಿನ ಬಾಳುವುದೂ ಇಲ್ಲ, ಹರಿದುಹೋಗುತ್ತದೆ. ಈ ಒಂದು ತಪ್ಪನ್ನು ನಮ್ಮ ಕಡೆಯ ಎಷ್ಟು ಕಾರುಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಬಾರಿಯೂ ಬೈಗುಳ ಬೀಳುವುದು ಸ್ಪ್ರಿಂಗಿಗೆ.

ಪರಿಹಾರಕ್ಕೆ ಸ್ಪ್ರಿಂಗನ್ನು ಮುಟ್ಟಬೇಕಾಗಿಯೇ ಇಲ್ಲ. ಗಾಡಿಯನ್ನು ಸರ್ವಿಸ್ ಪಿಟ್ ಇರುವ ಕಡೆಗೆ ಒಯ್ಯಿರಿ. ನಾಲ್ಕೂ ಚಕ್ರಗಳು ಸಮತಟ್ಟು ನೆಲದಲ್ಲಿರಲಿ, ಟೈರ್ ಗಾಳಿ ಸರಿಯಿರಲಿ, ಚಕ್ರಕ್ಕೆ ಅಡ್ಡಗಟ್ಟಿರಿ. ಆರ್ಮಿನ ಒಳತುದಿಯ ನಟ್‌ಗಳನ್ನು ಸಡಿಲಿಸಿ. ಸಡಿಲಿಸುವುದು ಮಾತ್ರ, ಕಳಚುವುದಲ್ಲ. ಮೂತಿಯನ್ನು ಕೈಯಿಂದ ನಾಲ್ಕಾರು ಸಲ ಒತ್ತಿ ಕುಣಿಸಿ, ತಾನಾಗಿ ನಿಲ್ಲಲು ಬಿಟ್ಟು ಆಮೇಲೆ ಬಿಗಿಯಿರಿ. ನಂತರ ವೀಲ್ ಅಲೈನ್‌ಮೆಂಟ್ ನೋಡಿಸಿ. ಇಷ್ಟಾದ ಮೇಲೂ ಮೂತಿ ಎತ್ತರದಲ್ಲೇ ಇದ್ದರೆ, ಹಿಂದೆ ಯಾರೋ ಬೇರೆ ಗಾಡಿಯ ಸ್ಪ್ರಿಂಗ್ ಹಾಕಿದ್ದಾರೆಯೇ ಎಂದು ಪರೀಕ್ಷಿಸಿ. ಆಗ ಬೇಕಾದದ್ದು ಸರಿಯಾದ ಜೋಡಿ ಸ್ಪ್ರಿಂಗ್, ಗ್ರೈಂಡರ್ ಅಲ್ಲ.

ಇನ್ನು ಆ ಒಂದೂವರೆ ಸುತ್ತಿನ ವಿಚಾರ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ. ದುಡಿಯುವ ಸುತ್ತು ಎಂಟು ಇದ್ದರೆ, ಒಂದೂವರೆ ತೆಗೆದಾಗ ಶೇಕಡಾ 23ರಷ್ಟು ಗಡುಸು ಏರುತ್ತದೆ. ಕೈಗೆ ಹೊಡೆತ ಬರುತ್ತದೆ ಎನ್ನುವ ನಿಮಗೆ ಬೇಕಾದದ್ದು ಇದೇ ಏನು? ಮೇಲಾಗಿ ಆರ್ಮಿನ ಕೋನ ಬದಲಾಗುತ್ತದೆ, ಗುಂಡಿಗೆ ಇಳಿದಾಗ ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಒಂದು ಕಮಾನಿನಲ್ಲಿ, ಆರ್ಮ್ ಇನ್ನೊಂದು ಕಮಾನಿನಲ್ಲಿ ಚಲಿಸಿ ಗಾಡಿ ತಾನಾಗಿ ಬದಿಗೆ ಎಳೆಯುತ್ತದೆ. ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿನಿಂದ ಲಾರಿ ಬರುವಾಗ ಇದು ನಡೆಯಬಾರದು.

ಗ್ಯಾಸ್ ಕಟರಿನಲ್ಲಿ ಕತ್ತರಿಸಿದ ಸ್ಪ್ರಿಂಗೊಂದನ್ನು ಕುಂಬಳೆಯ ಗಾಡಿಯಿಂದ ತೆಗೆದು ನೋಡಿದ್ದೇನೆ. ಕೊನೆಯ ಸುತ್ತಿನ ಉಕ್ಕು ನೀಲಿ ತಿರುಗಿತ್ತು, ಕಟರಿನ ಕಾವಿಗೆ ಹದ ಕೆಟ್ಟಿತ್ತು. ಕತ್ತರಿಸಿದ ತುದಿಯ ಚೂಪು ಅಂಚು ಸ್ಪ್ರಿಂಗ್ ಕೂರುವ ಕೆಳಗಿನ ತಟ್ಟೆಯಲ್ಲಿ ಬೆರಳಿನ ಉಗುರು ಕೂರುವಷ್ಟು ಆಳದ ಗೀರು ಕೊರೆದಿತ್ತು, ಆ ಗೀರಿನಲ್ಲಿ ನೀರು ನಿಂತು ತುಕ್ಕು ತಟ್ಟೆಯ ಹಿಂಬದಿಗೂ ಹೋಗಿತ್ತು. ಸಮುದ್ರದ ಉಪ್ಪುಗಾಳಿಯ ನಮ್ಮ ಊರಿನಲ್ಲಿ ಇಂಥ ತುಕ್ಕು ಬೇಗ ಹಬ್ಬುತ್ತದೆ. ಗಿಡ್ಡ ಮಾಡಿದ ಸ್ಪ್ರಿಂಗ್ ಚಕ್ರ ಪೂರ್ತಿ ಜೋತಾಗ ಸಡಿಲವಾಗಿ, ಕೂರುವ ಜಾಗದಿಂದ ಜಾರಬಹುದು. ಕಾಯಿಸಿ ಇಳಿಸುವವರು, ಕಾಯಿಸಿ ಹಿಗ್ಗಿಸುವವರು ಇಬ್ಬರೂ ನಿಮ್ಮ ಪ್ರಾಣದ ಮೇಲೆ ಹಣ ಮಾಡುತ್ತಿದ್ದಾರೆ. ಹಳೆಯ ಕಾಲದ ಉಕ್ಕಿಗೆ ಏನೂ ಆಗದು ಎಂಬ ಮಾತನ್ನು ನಂಬಬೇಡಿ. ದಶಕಗಳ ಕಾಲ ಬಾಗಿ ದಣಿದ ಉಕ್ಕು ಹೊಸದಕ್ಕಿಂತ ಹೆಚ್ಚು ಜೋಪಾನ ಬೇಡುತ್ತದೆ.

ಸ್ಪ್ರಿಂಗ್ ತೆಗೆಯುವ ಕ್ರಮವನ್ನು ನಾನು ಇಲ್ಲಿ ಬರೆಯುವುದಿಲ್ಲ. ಸ್ಪ್ರಿಂಗ್ ಚಕ್ರದಿಂದ ಒಳಗೆ ಇರುವುದರಿಂದ ಚಕ್ರ ಹೊರುವ ಭಾರಕ್ಕಿಂತಲೂ ಹೆಚ್ಚಿನ ಬಲ ಅದರಲ್ಲಿ ಅದುಮಿಟ್ಟಿರುತ್ತದೆ. ಹಗ್ಗ, ಸರಪಳಿ, ಬೈಂಡಿಂಗ್ ತಂತಿ ಕಟ್ಟಿ ಬಿಚ್ಚುವವರಿಗೆ ಅದು ಸಿಡಿದಾಗ ಓಡಲು ಹೊತ್ತಿರುವುದಿಲ್ಲ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸರಿಯಾದ ಕಂಪ್ರೆಸರ್ ಇರುವ, ಈ ಗಾಡಿಯನ್ನು ಬಲ್ಲ ವರ್ಕ್‌ಶಾಪಿನಲ್ಲಿ ಮಾತ್ರ ಅದು ಆಗಬೇಕು.

ಮನೆಯಲ್ಲಿ ಬೇರೇನೇ ಕೆಲಸಕ್ಕೆ ಗಾಡಿ ಎತ್ತಿದರೂ ಒಂದು ಮಾತು ಕೇಳಿ: ಮುರಕಲ್ಲಿನ ಮೇಲೆ ಗಾಡಿ ನಿಲ್ಲಿಸಿ ಅಡಿಗೆ ನುಸುಳಬೇಡಿ. ನಮ್ಮಲ್ಲಿ ಪ್ರತಿ ಮನೆಯ ಹಿತ್ತಿಲಲ್ಲೂ ನಾಲ್ಕು ಕಲ್ಲು ಉಳಿದಿರುತ್ತವೆ, ಕೈಗೆ ಸಿಗುವುದೂ ಅವೇ. ಗೋಡೆಯಲ್ಲಿ ಭಾರ ಹರಡಿಕೊಂಡಾಗ ಮುರಕಲ್ಲು ತಾಳುತ್ತದೆ. ಚಾಸಿಯ ಕಿರಿದಾದ ಅಂಚು ಒಂದೇ ಕಡೆ ಒತ್ತಿದರೆ ಮೈಯೆಲ್ಲ ತೂತಿರುವ ಆ ಕಲ್ಲು ಮುನ್ಸೂಚನೆ ಕೊಡದೆ ಹೋಳಾಗುತ್ತದೆ, ಮಳೆಯಲ್ಲಿ ನೆನೆದದ್ದಂತೂ ಇನ್ನೂ ಮೆದು. ಭಾರ ತಾಳುವ ಜೋಡಿ ಜಾಕ್ ಸ್ಟ್ಯಾಂಡ್ ಕೊಳ್ಳಿ, ಅಡಿಕೆ ಒಣಗಿಸುವ ಸಿಮೆಂಟ್ ಅಂಗಳದಲ್ಲಿ ಇಡಿ, ಮಣ್ಣಿನ ಮೇಲೆ ಅಲ್ಲ. ಈ ಖರ್ಚಿಗೆ ಹಿಂದೆಮುಂದೆ ನೋಡುವವರು ದಯವಿಟ್ಟು ಸ್ಪ್ಯಾನರ್ ಕೆಳಗಿಡಿ.

ಪ್ರಶ್ನೆ (ಕುಂಬಳೆ): ಪದ್ಮಿನಿಗೆ ಈಗಿನ ಸಣ್ಣ ಕಾರಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ) ಜೋಡಿಸಬಹುದೇ?

ಉತ್ತರ: ಇಲ್ಲ. ಸ್ಟ್ರಟ್ ತನ್ನ ಮೇಲ್ತುದಿಯಿಂದ ಬದಿಯ ಒತ್ತಡವನ್ನೂ ಬಾಡಿಗೆ ದಾಟಿಸುತ್ತದೆ. ವಿಶ್‌ಬೋನ್ ಗಾಡಿಯ ಬಾಡಿಯಲ್ಲಿ ಅದನ್ನು ಹೊರುವ ಗೋಪುರವೇ ಇಲ್ಲ, ತಗಡಿಗೆ ತಗಡು ವೆಲ್ಡ್ ಮಾಡಿದರೆ ಅದು ಹುಟ್ಟುವುದೂ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮೂ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಅಡ್ಡ ಬರುತ್ತದೆ. 50 ವರ್ಷ ತುಂಬಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯೂ ಮೂಲ ಸ್ವರೂಪ ಉಳಿಸಿಕೊಂಡವುಗಳಿಗೆ ಮಾತ್ರ.

ಪ್ರಶ್ನೆ (ಮಂಜೇಶ್ವರ): ಅಂಬಾಸಿಡರ್ ಒಂದು ಬದಿಗೆ ತಗ್ಗಿದೆ. ಟಾರ್ಷನ್ ಬಾರ್‌ಗಳನ್ನು (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಎಡಬಲ ಬದಲಿಸಲೇ?

ಉತ್ತರ: ಬದಲಿಸಬೇಡಿ. ವರ್ಷಗಟ್ಟಲೆ ಒಂದು ದಿಕ್ಕಿಗೆ ತಿರುಚಿದ ಬಾರನ್ನು ವಿರುದ್ಧ ದಿಕ್ಕಿಗೆ ತಿರುಚಿದರೆ ತುಂಡಾಗಬಹುದು.

ಪ್ರಶ್ನೆ (ಅಡೂರು): ಬುಷ್ ಕಿರುಗುಟ್ಟದಂತೆ ಹಳೆಯ ಎಂಜಿನ್ ಆಯಿಲ್ ಬಳಿಯಬಹುದೇ?

ಉತ್ತರ: ಬಳಿದರೆ ರಬ್ಬರ್ ಊದಿ ಮೆತ್ತಗಾಗುತ್ತದೆ.

ಪ್ರಶ್ನೆ (ಮುಳ್ಳೇರಿಯ): ಸ್ಪ್ರಿಂಗ್ ಸುತ್ತಿನ ನಡುವೆ ಸಿಕ್ಕಿಸುವ ರಬ್ಬರ್ ಉಂಡೆ ಒಳ್ಳೆಯದೇ?

ಉತ್ತರ: ತೆಗೆದು ಎಸೆಯಿರಿ.

ಪ್ರಶ್ನೆ (ಪೆರ್ಲ): ಎತ್ತಿದಾಗ ಮುಂದಿನ ಚಕ್ರ ಅಲುಗುತ್ತದೆ. ಬೇರಿಂಗೋ, ಕಿಂಗ್‌ಪಿನ್ನೋ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಗೂಟ)?

ಉತ್ತರ: ಚಕ್ರದ ಮೇಲೂ ಕೆಳಗೂ ಹಿಡಿದು ಅಲುಗಿಸಿ. ಅದೇ ಹೊತ್ತಿಗೆ ಇನ್ನೊಬ್ಬರು ಬ್ರೇಕ್ ಒತ್ತಲಿ. ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್ ಇಲ್ಲವೇ ಆರ್ಮಿನ ಕೀಲು. ಎರಡನೆಯದಾದರೆ ರಿಪೇರಿ ಆಗುವ ತನಕ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.