ಗಿಡದ ತಪ್ಪೇನು, ಮಾಸ್ತರೇ?

ಸಿಂದಗಿಯಿಂದ ನಿವೃತ್ತ ಮಾಸ್ತರೊಬ್ಬರು ಬರೆದಿದ್ದಾರೆ. ಪತ್ರದ ಸಾರ ಇಷ್ಟು: "ಹೋದ ಸಂಚಿಕೆಯಲ್ಲಿ ಪೋರ್ಟೊ ರಿಕೊ ಎಂಬ ದ್ವೀಪದ ಚಂಡಮಾರುತದ ಬಗ್ಗೆ ನಾಲ್ಕು ಪುಟ ತುಂಬಿಸಿದ್ದೀರಿ. ಸಮುದ್ರವೇ ಇಲ್ಲದ ವಿಜಯಪುರ ಜಿಲ್ಲೆಯವರಿಗೆ ಅದು ಯಾಕೆ ಬೇಕು? ನನ್ನ ಮಗಳನ್ನು ಕುಮಟಾ ಕಡೆ ಕೊಟ್ಟಿದ್ದೇನೆ. ಅಲ್ಲಿ ಜೋರು ಗಾಳಿ ಬಂದರೆ ದಿನಗಟ್ಟಲೆ ಕರೆಂಟ್ ಇರೋದಿಲ್ಲ. ಕಾರಣ ಇಷ್ಟೇ, ಕರಾವಳಿಯಲ್ಲಿ ಗಿಡ ಜಾಸ್ತಿ. ಲೈನಿನ ಎರಡೂ ಬದಿ ಗಿಡ ಕಡಿದು ಬಯಲು ಮಾಡಿದರೆ ಮುಗೀತು. ಅದನ್ನು ಬರೆಯೋದು ಬಿಟ್ಟು ಊರ ಮೇಲಿನ ಸುದ್ದಿ ಯಾಕೆ?"

ಮಾಸ್ತರೇ, ನಿಮ್ಮ ಅಕ್ಷರ ಈಗಲೂ ಕರಿಹಲಗೆ ಮೇಲೆ ಬರೆದಷ್ಟು ದುಂಡಗಿದೆ. ಮಗಳ ಚಿಂತೆಯೂ ನ್ಯಾಯವಾದದ್ದೇ. ಗಿಡದ ಮಾತಿನಲ್ಲೂ ಒಂದು ಪಾಲು ಸತ್ಯ ಇದೆ. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಟೊಂಗೆಗಳನ್ನು ಕತ್ತರಿಸಬೇಕು, ಒಣಗಿದ ತೆಂಗಿನ ಮರ ತೆಗೆಯಬೇಕು. ಇದಕ್ಕೆ ಯಾರ ತಕರಾರೂ ಇಲ್ಲ.

ಆದರೆ ಕರೆಂಟ್ ಹೋಗೋದಕ್ಕೆ ಗಿಡವೇ ಕಾರಣ ಅಂತಾದರೆ, ರಾಜ್ಯದಲ್ಲೆಲ್ಲ ನಮ್ಮ ವಿಜಯಪುರಕ್ಕೇ ಸದಾ ಕರೆಂಟ್ ಇರಬೇಕಿತ್ತು, ಅಲ್ವಾ? ಅತಿ ಕಡಿಮೆ ಕಾಡಿರುವ ಜಿಲ್ಲೆಗಳ ಸಾಲಿನಲ್ಲಿ ನಾವಿದ್ದೇವೆ. ಗಿಡ ಬೆಳೆಸಿ ಅಂತ ಕೋಟಿ ವೃಕ್ಷ ಅಭಿಯಾನ ಮಾಡಬೇಕಾಗಿ ಬಂದ ನೆಲ ಇದು. ಏಪ್ರಿಲ್‌ನ ಒಂದು ಅಡ್ಡಮಳೆಗೆ ಸಿಂದಗಿಯಲ್ಲೂ ಕರೆಂಟ್ ಹೋಗುತ್ತದಲ್ಲ, ಆಗ ಯಾವ ಗಿಡ ಬಿದ್ದಿರುತ್ತದೆ? ಜಮಖಂಡಿ, ಮುಧೋಳದ ಕಬ್ಬಿನ ಹೊಲಗಳಿಗೆ ಹೋಗಿ ನೋಡಿ. ತಂತಿ ಜೋತುಬಿದ್ದು ಕೈಗೆ ಸಿಗುವಂತಿರುತ್ತದೆ. ಗಾಳಿಗೆ ತಂತಿಗೆ ತಂತಿ ಬಡಿದು ಕಿಡಿ ಹಾರಿದರೆ ನಿಂತ ಕಬ್ಬು ಬೂದಿ. ಹಾಗಾಗಬಾರದು ಅಂತ ಎರಡು ತಂತಿಗಳ ನಡುವೆ ರೈತರೇ ಕೋಲು ಕಟ್ಟಿದ್ದನ್ನು ನಾನು ಕಂಡಿದ್ದೇನೆ. ಸುತ್ತ ಒಂದು ಬೇವಿನ ಗಿಡವೂ ಇರಲಿಲ್ಲ.

ಇನ್ನು ಪೋರ್ಟೊ ರಿಕೊ ಯಾಕೆ ಅಂತ ಕೇಳಿದಿರಿ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಅಮೆರಿಕದ ಆಳ್ವಿಕೆಯಲ್ಲಿರುವ ಆ ಕೆರಿಬಿಯನ್ ದ್ವೀಪಕ್ಕೆ ಅಪ್ಪಳಿಸಿತು. ಗಂಟೆಗೆ 250 ಕಿ.ಮೀ. ವೇಗದ ಗಾಳಿ. ಇಡೀ ದ್ವೀಪದ ಕರೆಂಟ್ ಹೋಯಿತು. ಸುಮಾರು 33 ಲಕ್ಷ ಜನ ಕತ್ತಲಲ್ಲಿ. ಗಾಳಿ ದಾಟಿಹೋಗಲು ಒಂದು ದಿನವೂ ಬೇಕಾಗಲಿಲ್ಲ. ಎಲ್ಲರ ಮನೆಗೂ ಕರೆಂಟ್ ಬಂತು ಅಂತ ಹೇಳಲು ಮಾತ್ರ ಮುಂದಿನ ವರ್ಷದ ಆಗಸ್ಟ್ ಬರಬೇಕಾಯಿತು, ಅಂದರೆ 328 ದಿನ. ಇಷ್ಟು ದಿನಗಳನ್ನು ಗಾಳಿಯ ಲೆಕ್ಕಕ್ಕೆ ಹಾಕಲು ಆಗುತ್ತಾ, ಮಾಸ್ತರೇ?

ಅಲ್ಲಿನ ವಿದ್ಯುತ್ ಸಂಸ್ಥೆ ಚಂಡಮಾರುತಕ್ಕೆ ಎರಡೂವರೆ ತಿಂಗಳ ಮೊದಲೇ ದಿವಾಳಿ ಅರ್ಜಿ ಹಾಕಿತ್ತು. ಸಾಲ ಸುಮಾರು 900 ಕೋಟಿ ಡಾಲರ್. ವರ್ಷಗಳಿಂದ ದುರಸ್ತಿಗೆ ದುಡ್ಡಿಲ್ಲ, ಅನುಭವಿ ಕೆಲಸಗಾರರು ಬಿಟ್ಟುಹೋಗಿದ್ದರು, ಟೊಂಗೆ ಕತ್ತರಿಸುವ ಕೆಲಸವೂ ಕುಂಟುತ್ತಿತ್ತು. ಕರೆಂಟ್ ಹುಟ್ಟುವ ಘಟಕಗಳು ಹೆಚ್ಚಾಗಿ ದಕ್ಷಿಣ ತೀರದಲ್ಲಿ, ಬಳಸುವ ಜನ ಉತ್ತರದ ಸಾನ್ ಹುವಾನ್‌ನಲ್ಲಿ, ನಡುವೆ ಗುಡ್ಡ. ಆ ಗುಡ್ಡದ ಲೈನುಗಳು ಬಿದ್ದವು. ಮತ್ತೆ ನಿಲ್ಲಿಸುವ ಕೆಲಸಕ್ಕೆ 30 ಕೋಟಿ ಡಾಲರಿನ ಗುತ್ತಿಗೆ ಕೊಟ್ಟದ್ದು ಯಾರಿಗೆ ಗೊತ್ತಾ? ಗಾಳಿ ಬೀಸಿದ ದಿನ ಇಬ್ಬರೇ ಕಾಯಂ ನೌಕರರಿದ್ದ ಒಂದು ಕಂಪನಿಗೆ. ಗದ್ದಲವಾಗಿ ಗುತ್ತಿಗೆ ರದ್ದಾಯಿತು. ಮೊದಲು ಸರ್ಕಾರ ಒಪ್ಪಿಕೊಂಡಿದ್ದ ಸಾವಿನ ಲೆಕ್ಕ 64. ಆಮೇಲೆ ಅಧ್ಯಯನ ಮಾಡಿಸಿ ಒಪ್ಪಿದ್ದು 2,975. ಈ ಜನರೆಲ್ಲ ಗೋಡೆ ಕುಸಿದು ಸತ್ತವರಲ್ಲ. ಡಯಾಲಿಸಿಸ್ ಸಿಗದವರು, ಆಕ್ಸಿಜನ್ ಯಂತ್ರ ನಿಂತವರು, ತಂಪಿನಲ್ಲಿಡಬೇಕಾದ ಇನ್ಸುಲಿನ್ ಕೆಟ್ಟವರು ಅದರಲ್ಲಿದ್ದರು. ಗಾಳಿ ನಿಂತ ಮೇಲೆ, ಕಾಯುತ್ತ ಕಾಯುತ್ತ ಹೋದವರು. ಇದನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅದಕ್ಕೇ ನಾಲ್ಕು ಪುಟ.

ನಮ್ಮ ದೇಶದ್ದೇ ನೋಡಿ. 1999ರ ಅಕ್ಟೋಬರ್‌ನ ಮಹಾ ಚಂಡಮಾರುತದಲ್ಲಿ ಒಡಿಶಾದಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. 2019ರ ಮೇ 3ರಂದು ಪುರಿ ಹತ್ತಿರ ಫೋನಿ ಚಂಡಮಾರುತ ಬಂದಾಗ ಹನ್ನೆರಡು ಲಕ್ಷ ಜನರನ್ನು ಮೊದಲೇ ಸಾಗಿಸಿದ್ದರು. ಸತ್ತವರು 64. ಎಂಥ ಸಾಧನೆ! ಹೀಗಿದ್ದೂ ಪುರಿಯ ಮನೆಗಳಿಗೆ ಕರೆಂಟ್ ಬರಲು ವಾರಗಳೇ ಹಿಡಿದವು. ಜನರನ್ನು ಉಳಿಸಲು ಕಲಿತೆವು, ಕಂಬ ಉಳಿಸಲು ಇನ್ನೂ ಕಲಿಯಬೇಕು. 2014ರ ಹುದ್‌ಹುದ್ ಹೊಡೆತ ತಿಂದ ವಿಶಾಖಪಟ್ಟಣ ಆಮೇಲೆ ನೆಲದಡಿ ಕೇಬಲ್ ಹಾಕಲು ಶುರುಮಾಡಿತು. ದುಬಾರಿ ಕೆಲಸ, ಹಳ್ಳಿಹಳ್ಳಿಗೆ ಆಗುವಂಥದ್ದಲ್ಲ.

ಹಳ್ಳಿಗೆ ಬೇಕಾದದ್ದು ಮನುಷ್ಯ. ಇಲ್ಲಿಗೇ ಬರಬೇಕು ಅಂತಿದ್ದೆ. ಹನ್ನೊಂದು ಕೆವಿ ಲೈನಿನಲ್ಲಿ ಸ್ಟೇ ವೈರ್, ಅಂದರೆ ಕಂಬವನ್ನು ನೆಲಕ್ಕೆ ಬಿಗಿದು ಹಿಡಿಯುವ ತಂತಿ, ಸಡಿಲಾಗಿ ಒಂದು ಕಂಬ ಉರುಳಿದರೆ ತಂತಿಯ ಎಳೆತಕ್ಕೆ ಪಕ್ಕದ ಕಂಬಗಳೂ ಬೀಳುತ್ತವೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಪಿಂಗಾಣಿ ಇನ್ಸುಲೇಟರ್ ಮೇಲೆ ಉಪ್ಪು ಕೂರುತ್ತದೆ. ಇವೆಲ್ಲ ಗಾಳಿಗೆ ಮುಂಚೆ ಕಾಣುವ ಕಾಯಿಲೆಗಳು. ಕಾಣಬೇಕಾದರೆ ಒಬ್ಬ ಲೈನ್‌ಮನ್ ಲೈನಿನ ಉದ್ದಕ್ಕೂ ನಡೆಯಬೇಕು. ನಾನು ಚಿಕ್ಕವನಿದ್ದಾಗ ನಮ್ಮೂರಿನ ಲೈನ್‌ಮನ್ ಸೈಕಲ್ ಮೇಲೆ ಬರುತ್ತಿದ್ದ. ಯಾವ ಕಂಬ ವಾಲಿದೆ, ಯಾವ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಎಣ್ಣೆ ಸೋರುತ್ತದೆ, ಎಲ್ಲ ಅವನ ಬಾಯಲ್ಲೇ ಇರುತ್ತಿತ್ತು. ಮದುವೆ ಮನೆಯಲ್ಲಿ ಅವನಿಗೆ ಮೊದಲ ಪಂಕ್ತಿ. ಈಗ ಪವರ್‌ಮ್ಯಾನ್ ಅಂತ ಹೆಸರು ಬದಲಾಗಿದೆ, ಒಬ್ಬನ ಹೆಗಲಿಗೆ ಹಳ್ಳಿಗಳು ಜಾಸ್ತಿಯಾಗಿವೆ. ನಮ್ಮ ಅಣ್ಣಂದಿರ ಹೊಲದ ಟಿಸಿ ಸುಟ್ಟಾಗ ರೈತರೇ ಪಟ್ಟಿ ಎತ್ತಿ, ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು ಹೋಗಿ, ಬೇರೆಯದಕ್ಕಾಗಿ ಗೋದಾಮಿನ ಮುಂದೆ ಪಾಳಿ ಹಚ್ಚಿದ್ದರು. ಅವತ್ತು ಚಂಡಮಾರುತವೇನೂ ಇರಲಿಲ್ಲ.

ದುರಸ್ತಿಗೂ ಒಂದು ಕ್ರಮ ಇದೆ. ಮೊದಲು ವಿದ್ಯುತ್ ಸ್ಟೇಷನ್, ಆಮೇಲೆ ದೊಡ್ಡ ಲೈನು, ಆಸ್ಪತ್ರೆ, ನೀರಿನ ಪಂಪು, ಆಮೇಲೆ ಟಿಸಿ, ಕೊನೆಗೆ ಒಂಟಿ ಮನೆ. ನಿಮ್ಮ ಮಗಳ ಮನೆ ತೋಟದೊಳಗೆ ಇದೆ ಅಂತ ಬರೆದಿದ್ದೀರಿ. ನಮ್ಮ ಕಾಲುವೆಯ ಟೇಲ್ ಎಂಡ್ ರೈತನ ಪಾಡೇ ಅವರದ್ದು. ಹರಿದು ಬಂದದ್ದು ಕೊನೆಗೆ ಮುಟ್ಟುವವರು. ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟು ಮಳೆಯಲ್ಲಿ ನೆನೆಯುತ್ತ ಕಂಬದ ಮೇಲಿರುವ ಹುಡುಗನ ಮೇಲೆ ಬೀಳುತ್ತದೆ, ಅದು ನನಗೆ ಸೇರುವುದಿಲ್ಲ. 2018ರ ನವೆಂಬರ್‌ನಲ್ಲಿ ಗಜ ಚಂಡಮಾರುತ ತಮಿಳುನಾಡಿನ ನಾಗಪಟ್ಟಣದ ಕಡೆ ಲಕ್ಷದಷ್ಟು ಕಂಬ ಕೆಡವಿದಾಗ ಕೇರಳದ ಸಿಬ್ಬಂದಿಯೂ ಹೋಗಿ ಹತ್ತಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಅವರ ರಾಜ್ಯವೇ ನೀರಲ್ಲಿ ಮುಳುಗಿತ್ತು. ಅವರ ಹೆಸರು ಯಾವ ಫ್ಲೆಕ್ಸ್ ಮೇಲೂ ಬರಲಿಲ್ಲ. ಕಾರವಾರದ ಕಡಲತೀರವೂ ನಿಮ್ಮ ಸಿಂದಗಿಯೂ ಒಂದೇ ಹೆಸ್ಕಾಂ (ಹುಬ್ಬಳ್ಳಿಯ ವಿದ್ಯುತ್ ಸರಬರಾಜು ಕಂಪನಿ) ವ್ಯಾಪ್ತಿ ಎಂಬುದು ನಿಮಗೆ ಗೊತ್ತಿರಬೇಕು. ಹಾಗಿರುವಾಗ ಸಮುದ್ರ ನಮ್ಮದಲ್ಲ ಅಂತ ಹೇಗೆ ಹೇಳೋದು?

ಸಮುದ್ರ ಬಿಡಿ, 2019ರ ಆಗಸ್ಟ್ ಮರೆತಿರಾ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಉಕ್ಕಿದಾಗ ಗೋಕಾಕ, ರಾಮದುರ್ಗ, ಮುಧೋಳದ ಕಡೆ ಕಂಬ, ಟಿಸಿ ನೀರಡಿ ಹೋಗಿದ್ದವು. ಫೋನ್ ಚಾರ್ಜ್ ಮಾಡಲು ಜನ ಟ್ರ್ಯಾಕ್ಟರ್ ಬ್ಯಾಟರಿ ಹುಡುಕಿದರು.

ಹೇಳುತ್ತ ಹೋದರೆ ನಮ್ಮ ಊರಿನ ಚಾಳಿಯೇ ಇದು. ಕಟ್ಟುವಾಗ ತೋರಣ, ಕಾಯುವಾಗ ಯಾರೂ ಇಲ್ಲ. ವಿಜಯಪುರದ 1620ರ ತಾಜ್ ಬಾವಡಿಯನ್ನು ನೋಡಿ. ಊರಿಗೆ ನೀರು ಕೊಟ್ಟ ಬಾವಡಿಗೆ ನಾವು ವರ್ಷಗಟ್ಟಲೆ ಕಸ ಸುರಿದೆವು, ಗಣಪತಿ ಮುಳುಗಿಸಿದೆವು. ಆಮೇಲೆ ಹೂಳೆತ್ತಿದ್ದನ್ನೇ ಹಬ್ಬ ಮಾಡಿದೆವು. ಕರೆಂಟ್ ಹುಟ್ಟಿಸುವ ಘಟಕಗಳು ನಮ್ಮದೇ ಜಿಲ್ಲೆಯಲ್ಲಿವೆ: ಕೂಡಗಿಯಲ್ಲಿ 2,400 ಮೆಗಾವಾಟ್, ಆಲಮಟ್ಟಿಯಲ್ಲಿ 290 ಮೆಗಾವಾಟ್. ಉದ್ಘಾಟನೆಯ ಫೋಟೋಗಳು ನಮ್ಮ ಕಚೇರಿಯಲ್ಲೂ ರಾಶಿ ಬಿದ್ದಿವೆ. ಸ್ಟೇ ವೈರ್ ಬಿಗಿ ಮಾಡಿದ ಫೋಟೋ ಒಂದೂ ಬಂದಿಲ್ಲ. ಬಂದರೆ ಮುಖಪುಟಕ್ಕೇ ಹಾಕುತ್ತೇನೆ. ಪತ್ರಿಕೆಯವರೂ ಕಡಿಮೆಯೇನಿಲ್ಲ ಬಿಡಿ, ಬಿದ್ದ ಕಂಬ ಸುದ್ದಿ, ನಿಂತ ಕಂಬ ಅಲ್ಲ.

ಪತ್ರದ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಇನ್ನೊಂದು ಪ್ರಶ್ನೆ ಕೇಳಿದ್ದೀರಿ: ಮಗಳಿಗೆ ಇನ್ವರ್ಟರ್ ಕೊಡಿಸಲೋ, ಜನರೇಟರೋ, ಇಲ್ಲ ಮಾಳಿಗೆ ಮೇಲೆ ಸೋಲಾರೋ? ಇನ್ವರ್ಟರ್ ಕೆಲವು ಗಂಟೆಯ ಮಾತು. ಕರೆಂಟೇ ಬರದಿದ್ದರೆ ಮರುದಿನ ಅದೂ ಖಾಲಿ. ಸೋಲಾರ್ ಹಾಕಿಸುವುದಾದರೆ ಬ್ಯಾಟರಿ ಇರುವುದನ್ನೇ ಹಾಕಿಸಿ. ಬ್ಯಾಟರಿ ಇಲ್ಲದೆ ಬರೀ ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ಬಂದ್ ಆಗುತ್ತದೆ. ಬಿಸಿಲಿದ್ದರೂ ಅಷ್ಟೇ. ಪೋರ್ಟೊ ರಿಕೊದ ಗುಡ್ಡದೂರು ಅದ್ಜುಂತಾಸ್‌ನಲ್ಲಿ ಕಾಸಾ ಪುವೆಬ್ಲೊ ಎಂಬ ಜನರ ಸಂಸ್ಥೆಯೊಂದಿದೆ. ಅದರ ಸೋಲಾರ್ ಮರಿಯಾ ಬಂದಾಗಲೂ ನಡೆಯುತ್ತಿತ್ತು. ಉಸಿರಾಟದ ಯಂತ್ರ ನಡೆಸಲು ಊರವರು ಅಲ್ಲಿಗೇ ಬಂದರು. ಇನ್ನು ಜನರೇಟರ್. ಬಾಗಿಲು ಹಾಕಿದ ಮನೆಯೊಳಗೆ, ಪಡಸಾಲೆಯಲ್ಲಿ ಇಡಲೇಬೇಡಿ. ಅದರ ಹೊಗೆಗೆ ನಿದ್ದೆಯಲ್ಲೇ ಸತ್ತವರಿದ್ದಾರೆ. ಚೇಂಜ್‌ಓವರ್ ಸ್ವಿಚ್, ಅಂದರೆ ಮನೆಯನ್ನು ಒಂದೋ ಲೈನಿಗೆ ಇಲ್ಲ ಜನರೇಟರಿಗೆ ಮಾತ್ರ ಜೋಡಿಸುವ ಸ್ವಿಚ್, ಇಲ್ಲದೆ ಮನೆಯ ವೈರಿಂಗಿಗೆ ಜೋಡಿಸಬೇಡಿ. ಜೋಡಿಸಿದರೆ ಆ ಕರೆಂಟ್ ಹಿಂದಕ್ಕೆ ಹರಿದು ಲೈನಿಗೆ ಹೋಗುತ್ತದೆ, ಲೈನ್ ಬಂದ್ ಇದೆ ಅಂತ ನಂಬಿ ಕಂಬ ಹತ್ತಿದವನ ಜೀವ ಹೋಗುತ್ತದೆ. ಎಲೆಕ್ಟ್ರಿಷಿಯನ್ ಸ್ವಿಚ್ ಕೂರಿಸುವಾಗ ಪಕ್ಕದಲ್ಲೇ ನಿಂತು ನೋಡಲು ಅಳಿಯಂದಿರಿಗೆ ಹೇಳಿ.