ಮೂವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಸೈಕಲ್ ಸೀಟು ನೋಯಿಸುತ್ತದೆ. ಯಾವ ಮೆತ್ತನೆಯ ಸೀಟು ಕೊಳ್ಳಲಿ?

ಯಾವುದನ್ನೂ ಕೊಳ್ಳಬೇಡಿ. ಈ ತಿಂಗಳಂತೂ ಬೇಡವೇ ಬೇಡ.

ಜೆಲ್ ಕವರ್ ಹಾಕಿಸಿದೆ, ಆಗಲಿಲ್ಲ, ಈಗ ಇನ್ನೂ ಅಗಲವಾದ ಸೀಟು ಹುಡುಕುತ್ತಿದ್ದೇನೆ ಎಂದು ನೀವು ಬರೆದದ್ದನ್ನು ಓದಿದಾಗ, ಇದನ್ನು ನಾನೇ ಎಂದೋ ಕೇಳಿ ಮರೆತಿದ್ದೇನೆಯೇ ಎಂದು ಅನುಮಾನವಾಯಿತು. ನಾನು ಒಂದು ಕವರ್ ಮತ್ತು ಮೂರು ಸೀಟು ಕೊಂಡವನು. ಈಗ ಕೂರುತ್ತಿರುವುದು ಆ ಮೂರರಲ್ಲಿ ಯಾವುದರ ಮೇಲೂ ಅಲ್ಲ.

ನಮ್ಮದು ಮೈಸೂರು. ರಕ್ತದಲ್ಲಿ ಸಕ್ಕರೆ ಗಡಿ ಮುಟ್ಟಿದೆ ಎಂದು ವೈದ್ಯರು ಹೇಳಿದ ಮೇಲೆ, ನಲವತ್ತೆರಡನೆಯ ವಯಸ್ಸಿನಲ್ಲಿ ಒಂದು ಹೈಬ್ರಿಡ್ ಸೈಕಲ್ (ಡಾಂಬರು ರಸ್ತೆಗೂ ಕಚ್ಚಾ ದಾರಿಗೂ ಆಗುವಂಥದ್ದು) ತಂದೆ. ಅಪ್ಪನ ಅಟ್ಲಾಸ್ ಸೈಕಲಿನಲ್ಲಿ ಒಳಪೆಡಲ್ ಹೊಡೆದು ಕಲಿತವನಿಗೆ ಇದೇನು ಮಹಾ ಎಂಬ ಜಂಬವಿತ್ತು. ಮೊದಲ ಭಾನುವಾರ ಶ್ರೀರಂಗಪಟ್ಟಣದ ತನಕ ಹೋಗಿಬಂದೆ. ಸೋಮವಾರ ಕಚೇರಿಯಲ್ಲಿ ಕುರ್ಚಿಯ ಅಂಚಿನಲ್ಲಿ ಕೂತು ಕೆಲಸ ಮಾಡಿದೆ. ಅಪ್ಪ ಮೂವತ್ತು ವರ್ಷ ಆ ಗಟ್ಟಿ ಸೀಟಿನ ಮೇಲೆ ಓಡಾಡಿದರು, ಒಂದು ದಿನವೂ ನೋವು ಎಂದವರಲ್ಲ. ಹಾಗಾದರೆ ತಪ್ಪು ಈ ಹೊಸ ಸೀಟಿನದೇ ಎಂದು ತೀರ್ಮಾನಿಸಿದೆ. ಎರಡು ವಾರ ಕಾದಿದ್ದರೆ ಆ ನೋವು ತಾನಾಗಿಯೇ ಇಳಿಯುತ್ತಿತ್ತು. ಎಷ್ಟೋ ವರ್ಷ ಸೈಕಲ್ ಮುಟ್ಟದವರಿಗೆಲ್ಲ ಮೊದಲು ಹೀಗೇ ಆಗುತ್ತದೆ. ನಾನು ಕಾಯಲಿಲ್ಲ. ಮೊದಲು ಜೆಲ್ ಕವರ್ ತಂದೆ. ಅದು ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತಿತ್ತು. ಆಮೇಲೆ ಅಂಗಡಿಗೆ ಹೋಗಿ ಸೀಟುಗಳನ್ನೆಲ್ಲ ಮಾವಿನಹಣ್ಣು ಆರಿಸುವ ಹಾಗೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಎಲ್ಲಕ್ಕಿಂತ ಹೆಚ್ಚು ಒಳಕ್ಕೆ ಹೋದದ್ದನ್ನು ಆರಿಸಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ, ಏಕೆಂದರೆ ಇಂಥ ತಪ್ಪನ್ನು ನಾನು ಬೇರೆಲ್ಲೂ ಓದಿರಲಿಲ್ಲ.

ಸೈಕಲ್ ಕೊಂಡ ದಿನವೇ ಅಂಗಡಿಯ ಹುಡುಗ ನನ್ನನ್ನು ಕೂರಿಸಿ, ಹಿಮ್ಮಡಿಯನ್ನು ಪೆಡಲಿನ ಮೇಲೆ ಇಡಿಸಿ, ಪೆಡಲ್ ಕೆಳಗೆ ಬಂದಾಗ ಕಾಲು ಸರಿಯಾಗಿ ನೆಟ್ಟಗಾಗುವಂತೆ ಎತ್ತರ ಹೊಂದಿಸಿಕೊಟ್ಟಿದ್ದ. ಸೀಟಿನ ಕಂಬ ಚೌಕಟ್ಟಿನೊಳಗೆ ಇಳಿಯುವ ಜಾಗದಲ್ಲಿ ಗುರುತಿಗೆಂದು ಕೆಂಪು ಇನ್ಸುಲೇಷನ್ ಟೇಪು ಸುತ್ತಿ, "ಯಾರು ಇಳಿಸಿದರೂ ಏರಿಸಿದರೂ ಈ ಗುರುತಿಗೆ ತಂದು ಬಿಗಿ ಮಾಡಿಕೊಳ್ಳಿ ಸಾರ್" ಎಂದಿದ್ದ. ಒಳ್ಳೆಯ ಮಾತು. ನಾನು ಅದನ್ನು ವೇದವಾಕ್ಯ ಮಾಡಿಕೊಂಡೆ. ಸೀಟು ಬದಲಿಸಿದಾಗಲೆಲ್ಲ ಕಂಬವನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಟೇಪಿನ ಗೆರೆಗೆ ತಂದು ನಿಲ್ಲಿಸುತ್ತಿದ್ದೆ. ಆದರೆ ಆ ಟೇಪು ಹೇಳುತ್ತಿದ್ದುದು ಕಂಬದ ಎತ್ತರವನ್ನು. ನಾನು ಕೂರುತ್ತಿದ್ದುದು ಕಂಬದ ಮೇಲಲ್ಲವಲ್ಲ! ಸೀಟಿನ ಅಡಿಯಲ್ಲಿ ಎರಡು ಕಂಬಿಗಳಿರುತ್ತವೆ, ಕ್ಲ್ಯಾಂಪ್ ಹಿಡಿಯುವುದು ಅವನ್ನು. ಆ ಕಂಬಿಯಿಂದ ನಾವು ಕೂರುವ ಮೇಲ್ಮೈಯವರೆಗಿನ ದಪ್ಪ ಒಂದೊಂದು ಸೀಟಿಗೆ ಒಂದೊಂದು. ನನ್ನ ಜೆಲ್ ಸೀಟು ಹಳೆಯದಕ್ಕಿಂತ ಎರಡೂವರೆ ಸೆಂಟಿಮೀಟರ್ ದಪ್ಪ. ಕಂಬ ಟೇಪಿನಲ್ಲೇ ಇದೆ, ನಾನು ಮಾತ್ರ ಎರಡೂವರೆ ಸೆಂಟಿಮೀಟರ್ ಮೇಲೆ ಹೋಗಿದ್ದೇನೆ.

ಎರಡೂವರೆ ಸೆಂಟಿಮೀಟರ್ ಎಂದರೆ ಏನು ಮಹಾ ಎನ್ನಬೇಡಿ. ಕಾಲಿನ ಅಳತೆ ಬದಲಾಗುವುದಿಲ್ಲ, ಪೆಡಲ್ ಅಲ್ಲೇ ಇದೆ. ಆ ಕೊರತೆಯನ್ನು ತುಂಬುವುದು ಸೊಂಟ. ಬಲಗಾಲು ಕೆಳಗೆ ಹೋಗುವಾಗ ಸೊಂಟದ ಬಲಭಾಗ ಇಳಿಯುತ್ತದೆ, ಎಡಗಾಲಿಗೆ ಎಡಭಾಗ. ನಿಮಿಷಕ್ಕೆ ಎಪ್ಪತ್ತು ಸುತ್ತು ತುಳಿದರೆ ಗಂಟೆಗೆ 4200 ಸುತ್ತು, ಪ್ರತಿ ಸುತ್ತಿಗೂ ಒಮ್ಮೆ ಆಚೆ ಒಮ್ಮೆ ಈಚೆ, ಒಟ್ಟು 8400 ಸಲ ಚರ್ಮ ಸೀಟಿಗೆ ಉಜ್ಜುತ್ತದೆ. ಬೆವರು ಸೇರಿದರೆ ಅದು ಅರದಿಂದ ಉಜ್ಜಿದ ಹಾಗೆ. ಮನೆಯ ಮುಂದೆ ಕೂತು ನೋಡಿದಾಗ ಇದು ಗೊತ್ತಾಗುವುದಿಲ್ಲ. ಜೆಲ್ ಒಂದಿಷ್ಟು ಅಮುಕಿಕೊಂಡು ಎತ್ತರವನ್ನು ಮರೆಮಾಡುತ್ತದೆ, ಬೆರಳ ತುದಿ ನೆಲಕ್ಕೆ ತಾಗುತ್ತದೆ, ಎಲ್ಲ ಸರಿ ಅನ್ನಿಸುತ್ತದೆ.

ಜುಲೈ ತಿಂಗಳ ಒಂದು ಶನಿವಾರ ಗುಂಡ್ಲುಪೇಟೆಗೆ ಹೊರಟೆ. ಹೋಗಿಬರಲು ಸುಮಾರು 120 ಕಿಲೋಮೀಟರ್. ಮುಂದಿನ ತಿಂಗಳು 200 ಕಿಲೋಮೀಟರಿನ ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹಣ ಕಟ್ಟಿದ್ದೆ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಅದಕ್ಕೆ ಇದು ತಾಲೀಮು. ಹೋಗುವಾಗ ನಂಜನಗೂಡು ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಸೂರ್ಯಕಾಂತಿ ಹೂಬಿಟ್ಟಿತ್ತು. ಜನ ಕಾರು ನಿಲ್ಲಿಸಿ ಹೊಲಕ್ಕಿಳಿದು ಫೋಟೊ ತೆಗೆದುಕೊಳ್ಳುತ್ತಿದ್ದರು. ನಾನೂ ನಿಲ್ಲಿಸಿದೆ, ಹೂವಿಗಾಗಿ ಅಲ್ಲ. ವಾಪಸು ಬರುವಾಗ ಬೇಗೂರಿನ ಹತ್ತಿರ ಕೂರಲೂ ಆಗದೆ, ನಿಂತು ತುಳಿಯಲೂ ಆಗದೆ, ಸೈಕಲನ್ನು ಟೊಮೆಟೊ ಕ್ರೇಟುಗಳ ನಡುವೆ ಮಲಗಿಸಿ ಗೂಡ್ಸ್ ಆಟೊದಲ್ಲಿ ಮನೆಗೆ ಬಂದೆ. ಚಾಲಕ ತನ್ನ ಪಕ್ಕದ ಸೀಟು ತೋರಿಸಿದ. ನಾನು ಹಿಂದೆ ನಿಂತುಕೊಂಡೇ ಬರುತ್ತೇನೆ ಎಂದೆ. ಉಜ್ಜಿದ ಜಾಗ ಬಾವು ಕಟ್ಟಿ ಹತ್ತು ದಿನ ಮಾತ್ರೆ ನುಂಗಿದೆ. ಬ್ರೆವೆ ಹೋಯಿತು, ಕಟ್ಟಿದ ಹಣವೂ ಹೋಯಿತು.

ಅಷ್ಟಾದರೂ ಟೇಪಿನ ಮೇಲೆ ಅನುಮಾನ ಬರಲಿಲ್ಲ ನೋಡಿ. ಮೆತ್ತನೆಯದು ಸರಿಯಿಲ್ಲವೆಂದು ನಡುವೆ ಸೀಳಿರುವ ಕಿರಿದಾದ ರೇಸಿಂಗ್ ಸೀಟು ತಂದೆ. ಅದು ತೆಳ್ಳಗಿತ್ತು, ಹಾಗಾಗಿ ಈ ಸಲ ನಾನು ಇರಬೇಕಾದ್ದಕ್ಕಿಂತ ಒಂದು ಸೆಂಟಿಮೀಟರ್ ಕೆಳಗೆ. ಮಂಡಿ ನೋವು ಶುರುವಾಯಿತು. ಸೀಳಿದ ಸೀಟು ಮಂಡಿಗೆ ಕೆಟ್ಟದ್ದು ಎಂದು ಸ್ನೇಹಿತರಿಗೆಲ್ಲ ಉಪದೇಶ ಮಾಡಿದೆ. ಆಮೇಲೆ ಒಬ್ಬರಿಂದ ಹಳೆಯ ತೊಗಲಿನ ಸೀಟು ಕೊಂಡೆ. ತೊಗಲು ಕಾಲಕ್ರಮೇಣ ನಮ್ಮ ಅಚ್ಚಿಗೆ ಒಗ್ಗುತ್ತದೆ ಎನ್ನುವುದು ನಿಜ. ಆದರೆ ಆ ಜಾತಿಯ ಸೀಟು ಎತ್ತರ, ಮತ್ತೆ ಒಂದೂವರೆ ಸೆಂಟಿಮೀಟರ್ ಮೇಲೆ ಹೋದೆ. ಮೂರು ಸೀಟು ಪರೀಕ್ಷಿಸಿದೆ ಎಂದುಕೊಂಡಿದ್ದೆ. ಪರೀಕ್ಷಿಸಿದ್ದು ಮೂರು ಎತ್ತರಗಳನ್ನು.

ಕೊನೆಗೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಹಿಂದಿನಿಂದ ಬರುತ್ತಿದ್ದ ಹಿರಿಯರೊಬ್ಬರು, "ಏನ್ರೀ, ನಿಮ್ಮ ಸೊಂಟ ತಕ್ಕಡಿಯ ಹಾಗೆ ಏರಿಳಿಯುತ್ತಿದೆಯಲ್ಲ" ಎಂದರು. ನಂದಿಯ ಹತ್ತಿರ ನಿಲ್ಲಿಸಿ ಅಲೆನ್ ಕೀ ತೆಗೆದು, ನಾನು ಬೇಡ ಬೇಡ ಎನ್ನುತ್ತಿದ್ದರೂ ಕಂಬವನ್ನು ಇಳಿಸಿಬಿಟ್ಟರು. ಟೇಪು ಚೌಕಟ್ಟಿಗೆ ಸಿಕ್ಕಿ ಸುರುಳಿ ಸುತ್ತಿಕೊಂಡಿತು. ಇಳಿಜಾರಿನಲ್ಲಿ ಬರುವಾಗ ಏನೂ ತಿಳಿಯಲಿಲ್ಲ; ಮಾರನೆಯ ದಿನ ನಲವತ್ತು ಕಿಲೋಮೀಟರ್ ಹೋಗಿ ಮನೆಗೆ ಬಂದು ಸೋಫಾದ ಮೇಲೆ ಧೊಪ್ಪನೆ ಕೂತೆ. ಕೂತ ಮೇಲೆ ನೆನಪಾಯಿತು, ನಾನು ಹೀಗೆ ಕೂತು ಒಂದು ವರ್ಷವಾಗಿತ್ತು.

ಆದ್ದರಿಂದ ಅಳೆಯುವುದನ್ನು ಕಲಿಯಿರಿ. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತಿರುಗುವ ಅಚ್ಚಿನ ನಡುವಿನಿಂದ ಅಳತೆಯ ಟೇಪು ಹಿಡಿದು, ಕಂಬದ ಜಾಡಿನಲ್ಲೇ ಸೀಟಿನ ಮೇಲ್ಮೈವರೆಗೆ ಅಳೆಯಿರಿ, ಗೋಡೆಯ ಮೇಲಾದರೂ ಬರೆದಿಡಿ. ಅಮೆರಿಕದ ಸೈಕಲ್ ರೇಸುಗಾರ ಗ್ರೆಗ್ ಲೆಮಂಡ್ ಹೆಸರಿನಲ್ಲಿ ಹರಡಿದ ಒಂದು ಲೆಕ್ಕವಿದೆ: ಬರಿಗಾಲಿನಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿನಿಂದ ನೆಲದವರೆಗಿನ ಅಳತೆಯನ್ನು 0.883ರಿಂದ ಗುಣಿಸುವುದು. ನನ್ನದು 80 ಸೆಂಟಿಮೀಟರ್, ಉತ್ತರ 70.6. ಅಂಗಡಿಯ ಹುಡುಗ ಹಿಮ್ಮಡಿಯ ಲೆಕ್ಕದಲ್ಲಿ ನಿಲ್ಲಿಸಿದ್ದು 71. ಅವನ ಕಣ್ಣಳತೆಗೆ ನಮಸ್ಕಾರ. ಸೂತ್ರವನ್ನು ಶಾಸನ ಮಾಡಿಕೊಳ್ಳಬೇಡಿ, ಅಲ್ಲಿಂದ ಶುರುಮಾಡಿ ಐದೈದು ಮಿಲಿಮೀಟರ್ ಬದಲಿಸಿ ನೋಡಿ. ಯಾರಿಗಾದರೂ ಹೇಳಿ ಹಿಂದಿನಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಸಿ. ಸೊಂಟ ಅಲುಗುತ್ತಿದ್ದರೆ ಸೀಟು ಎತ್ತರ, ಅಷ್ಟೇ.

ಇನ್ನು ನೀವು ಕೇಳಿದ ಮೆತ್ತನೆಯ ಸೀಟಿನ ಮಾತು. ನಮ್ಮ ಭಾರ ಹೊರಬೇಕಾದದ್ದು ಕೂರುವಾಗ ಪೃಷ್ಠದ ಅಡಿಯಲ್ಲಿ ಕೈಗೆ ಸಿಗುವ ಎರಡು ಮೂಳೆಗಳು. ಮೆತ್ತೆ ಅತಿಯಾದರೆ ಆ ಮೂಳೆಗಳು ಒಳಕ್ಕೆ ಹೂತು, ನಡುವಿನ ಜೆಲ್ ಉಬ್ಬಿ ಮೃದು ಭಾಗವನ್ನು ಒತ್ತುತ್ತದೆ. ಅಲ್ಲಿ ನರವೂ ರಕ್ತನಾಳವೂ ಇವೆ. ಜೋಮು ಹಿಡಿಯುವುದು ಅದರಿಂದಲೇ. ನೋವನ್ನು ಎರಡು ವಾರ ಸಹಿಸಬಹುದು, ಜೋಮನ್ನು ಒಂದು ದಿನವೂ ಸಹಿಸಬೇಡಿ. ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿಗೆ ಮೂತಿಯಿಲ್ಲದ, ಅಂದರೆ ಮುಂದೆ ಚಾಚಿದ ತುದಿಯಿಲ್ಲದ, ಸೀಟು ಬಳಸಿ ಎಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯೇ 2009ರಲ್ಲಿ ಸಲಹೆ ಮಾಡಿತ್ತು. ಇಳಿದ ಮೇಲೂ ಜೋಮು ಹೋಗದಿದ್ದರೆ ವೈದ್ಯರ ಬಳಿ ಹೋಗಿ, ನಾಚಿಕೊಂಡು ಕೂರಬೇಡಿ.

ಅಗಲ ಬೇಕೋ ಬೇಡವೋ ಎನ್ನುವುದನ್ನು ರಟ್ಟು ಹೇಳುತ್ತದೆ. ಟಿವಿ ಬಂದ ಪೆಟ್ಟಿಗೆಯ ಅಲೆಅಲೆಯ ರಟ್ಟನ್ನು ಜಗಲಿಯ ಕಲ್ಲಿನ ಮೇಲಿಟ್ಟು, ತೆಳುವಾದ ಬಟ್ಟೆಯಲ್ಲಿ ಕೂತು, ಹ್ಯಾಂಡಲ್ ಹಿಡಿದಷ್ಟೇ ಮುಂದೆ ಬಾಗಿ, ಹಿಮ್ಮಡಿ ಎತ್ತಿ. ಎರಡು ಗುಳಿ ಬೀಳುತ್ತವೆ. ಗುಳಿಗಳ ನಡುವಿನ ಅಂತರಕ್ಕೆ ಎರಡು, ಎರಡೂವರೆ ಸೆಂಟಿಮೀಟರ್ ಸೇರಿಸಿದರೆ ಹೈಬ್ರಿಡ್ ಸೈಕಲಿಗೆ ಬೇಕಾದ ಅಗಲ ಸುಮಾರಾಗಿ ಸಿಗುತ್ತದೆ. ನನ್ನದು 120 ಮಿಲಿಮೀಟರ್ ಬಂತು, ಅಂದರೆ 140ರಿಂದ 145ರ ಸೀಟು. ಅಟ್ಟ ಹತ್ತಿ, ಸೈಕಲಿನ ಜೊತೆಗೆ ಬಂದಿದ್ದ ಮೊದಲ ಸೀಟಿನ ಧೂಳು ಒರೆಸಿ ಅಳೆದೆ. 145. ಅದನ್ನೇ ಹಾಕಿಕೊಂಡು ಮೂರು ವರ್ಷವಾಯಿತು. ಇದು ನನ್ನ ಮೂಳೆಯ ಲೆಕ್ಕ, ನಿಮ್ಮದಲ್ಲ. ನನ್ನ ಹೆಂಡತಿಗೆ ಇದರ ಮೇಲೆ ಐದು ನಿಮಿಷವೂ ಕೂರಲಾಗುವುದಿಲ್ಲ. ಅಪ್ಪನ ಸೀಟು ಅಗಲವಾಗಿತ್ತು, ಸ್ಪ್ರಿಂಗ್ ಇತ್ತು, ಅದು ಅವರಿಗೆ ಸರಿ. ಅವರು ಕಂಬದಂತೆ ನೆಟ್ಟಗೆ ಕೂತು ತುಳಿಯುತ್ತಿದ್ದರು, ಇಡೀ ಭಾರ ಹಿಂದೆ. ನಾವು ಬಾಗಿ ಕೂರುತ್ತೇವೆ. ನಮ್ಮ ತೊಡೆಗಳಿಗೆ ಆ ಅಗಲವೇ ಅಡ್ಡಿ.

ಸೀಟಿನ ಮೂತಿ ಮೇಲಕ್ಕೆದ್ದಿರಬಾರದು. ಮೊಬೈಲಿನ ಮಟ್ಟ ತೋರಿಸುವ ಆ್ಯಪ್ ಇಟ್ಟು ಸಮ ಮಾಡಿಕೊಳ್ಳಿ. ತೀರ ಕೆಳಕ್ಕೆ ಬಾಗಿಸಿದರೆ ಮುಂದೆ ಜಾರಿ ಅಂಗೈ ನೋಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದು ನಾಲ್ಕು ಸುತ್ತು ತುಳಿಯಿರಿ.

ಹಣ ಖರ್ಚು ಮಾಡಲೇಬೇಕೆಂಬ ತುರಿಕೆಯಿದ್ದರೆ ಸೀಟಿಗೆ ಸುರಿಯದೆ ಒಳ್ಳೆಯ ಪ್ಯಾಡ್ ಇರುವ ಸೈಕಲ್ ಚಡ್ಡಿ ಕೊಳ್ಳಿ. ಅದನ್ನು ಒಳಉಡುಪಿಲ್ಲದೆ ಹಾಕಿಕೊಳ್ಳಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆರು ತಿಂಗಳು ನಾನೂ ಒಳಗೊಂದು ಹಾಕಿಕೊಂಡೇ ಹೋಗಿದ್ದೆ. ಒಳಉಡುಪಿನ ಹೊಲಿಗೆಯ ಗೆರೆಯೇ ಅರ್ಧ ಗಾಯ ಮಾಡುತ್ತದೆ. ಬಂದ ತಕ್ಷಣ ಬಿಚ್ಚಿ ಒಗೆಯಿರಿ, ಅದರಲ್ಲೇ ಕೂತು ದೋಸೆ ತಿನ್ನಬೇಡಿ.

ತೊಗಲಿನ ಸೀಟನ್ನು ಮಾರಿಬಿಟ್ಟೆ, ರೇಸಿಂಗಿನದು ಅಟ್ಟದಲ್ಲಿದೆ. ಜೆಲ್ ಸೀಟಿಗೆ ಮಾತ್ರ ಯೋಗ್ಯವಾದ ಜಾಗ ಸಿಕ್ಕಿದೆ. ಅಮ್ಮ ಅದನ್ನು ತಿಂಡಿಯ ಸ್ಟೂಲಿನ ಮೇಲೆ ಕಟ್ಟಿಸಿಕೊಂಡು, ಅದರ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾರೆ. ಎರಡು ಗಂಟೆ ಕೂತರೂ ನೋಯುವುದಿಲ್ಲವಂತೆ.